ಮುನ್ನೂರಕ್ಕೆ ನೂರ ಎಂಬತ್ತೆರಡು ಕಡಿಮೆ

ನಮ್ಮ ಭಾವನಷ್ಟು ಪ್ರಾಮಾಣಿಕ ಮನುಷ್ಯ ಸುತ್ತಮುತ್ತಲ ಏಳೆಂಟು ಬೀದಿಗಳಲ್ಲಿ ಇಲ್ಲ. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ, ದೂರಾಗಿ ಹೇಳುತ್ತಿದ್ದೇನೆ. ಅವರು ಅಳತೆ ಮತ್ತು ತೂಕದ ಇನ್‌ಸ್ಪೆಕ್ಟರು. ಅಂಗಡಿಯವರ ತಕ್ಕಡಿ, ಬಟ್ಟೆಯವರ ಮೀಟರ್ ಕೋಲು, ಪೆಟ್ರೋಲ್ ಪಂಪಿನ ಮುಳ್ಳು, ಎಲ್ಲವೂ ಅವರ ನೆರಳು ಕಂಡರೆ ತಾವಾಗಿ ನೆಟ್ಟಗಾಗುತ್ತವೆ. ಮನೆಯಲ್ಲೂ ಅಷ್ಟೆ. ಅಕ್ಕ "ಎರಡೇ ನಿಮಿಷ, ಬಂದೆ" ಎಂದು ಒಳಗೆ ಹೋದರೆ ಇವರು ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಲ್ಲುತ್ತಾರೆ. ಅವಳು ಹೊರಬಂದಾಗ ಬೈಯುವುದಿಲ್ಲ. "ಹನ್ನೊಂದು" ಎಂದಷ್ಟೇ ಹೇಳಿ ನಡೆಯುತ್ತಾರೆ. ಬೈದಿದ್ದರೆ ವಾಸಿಯಿತ್ತು.

ಹೆಣ್ಣು ನೋಡಲು ಬಂದ ದಿನ "ಹುಡುಗಿ ಒಪ್ಪಿಗೆಯಾ?" ಎಂದು ಕೇಳಿದ್ದಕ್ಕೆ ಈ ಮಹಾನುಭಾವರು ಒಂದು ಗಳಿಗೆ ಯೋಚಿಸಿ, "ಶೇಕಡಾ ತೊಂಬತ್ತು" ಎಂದಿದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಆ ಉಳಿದ ಹತ್ತು ಎಲ್ಲಿ ಎಂದು ಅಕ್ಕ ಇನ್ನೂ ಹುಡುಕುತ್ತಿದ್ದಾಳೆ.

ಇಂಥವರು ಒಂದು ಎಲೆಕ್ಟ್ರಿಕ್ ಕಾರು ಕೊಂಡರು. ಹೊಸದಲ್ಲ, ಆರು ವರ್ಷ ಯಾರದೋ ಮನೆಯಲ್ಲಿ ಬಾಳಿ ಬದುಕಿ ಬಂದದ್ದು. ಕಂಪನಿಯವರ ಪುಸ್ತಕದಲ್ಲಿ 'ಒಂದು ಚಾರ್ಜಿಗೆ ಮುನ್ನೂರು ಕಿಲೋಮೀಟರ್' ಎಂದು ದಪ್ಪ ಅಕ್ಷರದಲ್ಲಿತ್ತು. ದಪ್ಪ ಅಕ್ಷರ ಕಂಡರೆ ಭಾವನಿಗೆ ಅನುಮಾನ. ಹದಿನಾಲ್ಕು ಭಾನುವಾರ ಬ್ಯಾಟರಿ ಪೂರ್ತಿ ತುಂಬಿಸಿ, ಊರ ಸುತ್ತಿನ ರಸ್ತೆಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತಿ, ಕಾರು "ಇನ್ನಾಗುವುದಿಲ್ಲ" ಎಂದು ಕೆಂಪು ದೀಪ ಹಾಕಿದ ಜಾಗವನ್ನು ಪ್ರತಿಸಲ ಜೇಬಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಸರಾಸರಿ ನೂರ ಹದಿನೆಂಟು.

ಬ್ಯಾಟರಿ ಮೆಕ್ಯಾನಿಕ್ಕು ಕಾರಿನ ಕೆಳಗೆ ಮಲಗಿಕೊಂಡೇ ಜಾತಕ ಹೇಳಿದ. "ವಯಸ್ಸಾಗಿದೆ ಸಾರ್ ಇದಕ್ಕೆ. ಮೊದಲು ಹೊಟ್ಟೆ ತುಂಬ ಉಣ್ತಿತ್ತು, ಈಗ ನಾಲ್ಕು ತುತ್ತಿಗೇ ಸಾಕು ಅನ್ನುತ್ತೆ."

"ಹೊಸಾ ಬ್ಯಾಟರಿ ಹಾಕ್ಸಿದ್ರೆ?"

"ಹಾಕ್ಸಬಹುದು. ಆ ದುಡ್ಡಿಗೆ ಇಂಥದೇ ಕಾರು ಒಂದೂವರೆ ಬರುತ್ತೆ."

"ಅರ್ಧ ಕಾರು ತಗೊಂಡು ನಾನೇನ್ ಮಾಡ್ಲಿ?" ಎಂದು ಭಾವ ಗಂಭೀರವಾಗಿ ಕೇಳಿದರು. ಹೀಗೆ ಕೇಳಿದವರು ಯಾರೆಂದು ನೋಡಲು ಮೆಕ್ಯಾನಿಕ್ಕು ಕಾರಿನ ಕೆಳಗಿನಿಂದ ಹೊರಗೆ ಬಂದ.

ಇಲ್ಲಿಯವರೆಗೆ ಭಾವನದು ಏನೂ ತಪ್ಪಿಲ್ಲ. ತಪ್ಪು ಶುರುವಾದದ್ದು ದವಡೆ ಹಲ್ಲಿನಲ್ಲಿ.

ಪಕ್ಕದ ಮನೆಯವರು ಹಲ್ಲಿನ ಡಾಕ್ಟರು. ಬಾಯಿ ಮುಚ್ಚಿದವರ ಜೊತೆ ಮಾತಾಡುವುದು ಅವರಿಗೆ ಅಭ್ಯಾಸವಿಲ್ಲ. ಏನೇ ಲೋಕಾಭಿರಾಮ ಇದ್ದರೂ ಎದುರಿಗಿರುವವರ ಬಾಯಿ ತೆರೆಸಿ, ಕೊಕ್ಕೆ ಇಳಿಬಿಟ್ಟು, ಆಮೇಲೇ ಶುರು. ಭಾವನ ಬಾಯಲ್ಲೂ ಒಂದು ಕನ್ನಡಿ, ಎರಡು ಕೊಕ್ಕೆ, ಮೂರು ಹತ್ತಿಯುಂಡೆ ಇಟ್ಟಮೇಲೆ ಕೇಳಿದರು:

"ಅಲ್ಲಾ ಸಾಹೇಬ್ರೇ, ಹಳೇ ಎಲೆಕ್ಟ್ರಿಕ್ ಕಾರು ಅಂದ್ರೆ ನೂರೂ ಓಡಲ್ಲ ಅಂತಾರೆ. ಪುಸ್ತಕದಲ್ಲೇನೋ ಮುನ್ನೂರು ಇದೆಯಂತೆ. ನಿಮ್ದು ಮುನ್ನೂರು ಓಡುತ್ತಾ? ಓಡಲ್ಲ ಅಂದ್ರೆ ಓಡಲ್ಲ ಅಂದ್ಬಿಡಿ, ಸಂಕೋಚ ಬೇಡ!"

ಅಷ್ಟು ಸರಂಜಾಮು ಬಾಯಲ್ಲಿಟ್ಟುಕೊಂಡು ಯಾರು ಏನನ್ನು ತಾನೇ ಅಂದಾರು? ಭಾವ ಸೀಲಿಂಗು ನೋಡುತ್ತಾ ಸುಮ್ಮನಿದ್ದರು. ಮೌನವೇ ಸಮ್ಮತಿ. ಅವರು ಎದ್ದು ಬಾಯಿ ಮುಕ್ಕಳಿಸುವುದರೊಳಗೆ ಡಾಕ್ಟರು ಹೊರಗಿನ ಬೆಂಚಿನ ಏಳು ಜನ ರೋಗಿಗಳಿಗೆ ಘೋಷಿಸಿ ಆಗಿತ್ತು: "ನೋಡ್ರಪ್ಪಾ, ಮುನ್ನೂರು ಓಡುತ್ತಂತೆ! ಹೇಳಿದ್ದು ಯಾರು? ಐವತ್ತು ಗ್ರಾಮ್ ಕಡಿಮೆ ಇದ್ರೆ ಅಂಗಡಿಗೆ ಬೀಗ ಹಾಕ್ಸೋರು! ಸುಳ್ಳಾಗುತ್ತಾ?"

ಏಳು ಊದಿಕೊಂಡ ಕೆನ್ನೆಗಳು ಭಾವನನ್ನು ಗೌರವದಿಂದ ನೋಡಿದವು. ಆಗಲೇ ಹೇಳಬಹುದಿತ್ತು. ಆದರೆ ಅರ್ಧ ಮುಖ ಜೋಮು ಹಿಡಿದಿತ್ತು. ಉಳಿದರ್ಧಕ್ಕೆ, ನಿಜ ಹೇಳಬೇಕೆಂದರೆ, ಸ್ವಲ್ಪ ಸುಖವಾಗಿತ್ತು. ಜೀವಮಾನವೆಲ್ಲ ಇನ್ನೊಬ್ಬರ ಕಡಿಮೆಯನ್ನೇ ಹುಡುಕಿದವರಿಗೆ ಒಂದು ಸಲ ತಾವೇ ಹೆಚ್ಚಾದರೆ ಹೇಗಿರುತ್ತದೆಂದು ರುಚಿ ಸಿಕ್ಕಿಬಿಟ್ಟಿತ್ತು.

ವಾರದೊಳಗೆ ಬೀದಿಯಲ್ಲಿ ಅವರ ಹೆಸರೇ 'ಮುನ್ನೂರು ಸಾಹೇಬ್ರು' ಎಂದಾಯಿತು. ಯಾರಾದರೂ ಹಾಗೆ ಕರೆದರೆ ಭಾವ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ. "ಹ್ಞೂಂ... ಕಂಪನಿಯವರು ಹಾಗಂತಾರೆ..." ಎಂದು ವಾಕ್ಯದ ಕೊನೆಯನ್ನು ಮೀಸೆಯೊಳಗೆ ಬಿಟ್ಟುಕೊಳ್ಳುತ್ತಿದ್ದರು. ಆ ಮೀಸೆಯೊಳಗೆ ಎಷ್ಟು ಕಿಲೋಮೀಟರ್ ಕಳೆದುಹೋದವೋ!

ಕೊನೆಗೆ ಈ ಸುದ್ದಿ ನಮ್ಮ ಅಮ್ಮನ ಕಿವಿಗೆ ಬಿತ್ತು. ಅದು ಅಂತಿಂಥ ಕಿವಿಯಲ್ಲ.

ಅಮ್ಮ ಇಪ್ಪತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ದೂರದ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿದ್ದ ಕಾಲ. ಈ ಊರಿನ ಲೈನಿಗೆ ಅಮ್ಮ ಕೂತರೆ ನೂರೈವತ್ತು ಕಿಲೋಮೀಟರ್ ಆಚೆಯ ಲೈನಿಗೆ ಇನ್ನೊಬ್ಬಳು. ಇವಳು "ಹಲೋ, ಆ ಕಡೆ!" ಅನ್ನುವಳು. ಅವಳೂ "ಹಲೋ, ಆ ಕಡೆ!" ಅನ್ನುವಳು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು 'ಆಕಡೆ' ಆದರು. ಮೂರು ನಿಮಿಷಕ್ಕೊಂದು ಕಾಲ್. ಮೂರಾದ ಕೂಡಲೇ "ಮೂರು ನಿಮಿಷ ಆಯ್ತು, ಮುಂದುವರಿಸಲಾ?" ಎಂದು ಕೇಳಬೇಕು. ಲೋಕದ ಜನನ, ಮರಣ, ಜಗಳ, ನಿಶ್ಚಿತಾರ್ಥಗಳನ್ನೆಲ್ಲ ಜೋಡಿಸುತ್ತಾ, ನಡುವೆ ಸಿಕ್ಕ ಅರೆಕ್ಷಣಗಳಲ್ಲಿ ಈ ಇಬ್ಬರು ತಮ್ಮ ಸಂಸಾರ ಹಂಚಿಕೊಂಡರು. ನಾನು ಹುಟ್ಟಿದ್ದು ಅಪ್ಪನಿಗಿಂತ ಮೊದಲು ಗೊತ್ತಾದದ್ದು ಆಕಡೆಯಮ್ಮನಿಗೆ. ಅಪ್ಪ ತೀರಿಕೊಂಡಾಗ ಅಮ್ಮ ಮೊದಲು ಅತ್ತದ್ದೂ ಆ ತಂತಿಯಲ್ಲೇ.

ಆದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ! ಒಬ್ಬಳಿಗೆ ರಜೆ ಸಿಕ್ಕಿದರೆ ಲೈನಿಗೆ ಇನ್ನೊಬ್ಬಳು ಇರಲೇಬೇಕು. ನಿವೃತ್ತಿಯಾದ ಮೇಲೆ ಅಮ್ಮನಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಈಗಲೂ ದಿನಾ ಫೋನು. ಎರಡೂ ಗುಂಡಿ ಒತ್ತುವ ಹಳೇ ಫೋನುಗಳು. ಫೋಟೋ ತರಿಸಿಕೊಡುತ್ತೇನೆ ಎಂದರೆ ಅಮ್ಮ, "ಫೋಟೋದಲ್ಲಿ ಧ್ವನಿ ಇರಲ್ವಲ್ಲೋ" ಎಂದುಬಿಟ್ಟಿದ್ದಳು.

ಅಂಥ ಆಕಡೆಯಮ್ಮ ಊರು ಬಿಡುವವಳಿದ್ದಳು. ಮೂರು ದಿನದ ರೈಲು ದಾರಿಯಾಚೆ ಇರುವ ತಂಗಿಯ ಮನೆಗೆ, ಇನ್ನು ಅಲ್ಲೇ. ಶನಿವಾರ ಸಂಜೆ ನಾಲ್ಕೂವರೆಗೆ ಜಂಕ್ಷನ್ನಿನ ಬಸ್ಸು.

ಊಟದ ಹೊತ್ತಿಗೆ ಅಮ್ಮ ಹೇಳಿದಳು: "ಅಳಿಯಂದ್ರೇ, ನಾನು ಯಾವತ್ತೂ ನಿಮ್ಮನ್ನ ಏನೂ ಕೇಳಿಲ್ಲ. ಹೋಗ್ತಾ ನೂರೈವತ್ತು, ಬರ್ತಾ ನೂರೈವತ್ತು. ಒಟ್ಟು ಮುನ್ನೂರು. ನಿಮ್ಮ ಕಾರಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ."

ಭಾವನ ಕೈಯ ತುತ್ತು ಬಾಯಿಗೂ ತಟ್ಟೆಗೂ ಮಧ್ಯೆ ನಿಂತಿತು. "ಮುನ್ನೂರು... ಹ್ಞೂಂ... ಕಂಪನಿಯವರು..." ಎಂದರು. ಆಮೇಲೆ ಅಮ್ಮನ ಮುಖ ನೋಡಿದರು. "ಕರ್ಕೊಂಡು ಹೋಗ್ತೀನಿ, ಅತ್ತೆ" ಎಂದರು. ಈ ಎರಡನೆಯ ಮಾತಿನಲ್ಲಿ ಮಾತ್ರ ಮೀಸೆ ಅಡ್ಡ ಬರಲಿಲ್ಲ.

ಆಫೀಸಿನಲ್ಲಿ ಒಂದು ಸಹಿ ಹಾಕಿದರೆ ಚಾರ್ಜ್ ತೆಗೆದುಕೊಂಡ ಹಾಗೆ. ಕಾರು ಹಾಗಲ್ಲ. ಮನೆಯ ಪ್ಲಗ್ಗಿನಲ್ಲಿ ಇಡೀ ರಾತ್ರಿ ಹೀರಿದರೂ ತುಂಬುವುದು ನೂರ ಹದಿನೆಂಟೇ. ನೂರ ಐದನೇ ಕಿಲೋಮೀಟರಿಗೆ, ರಸ್ತೆ ಕವಲೊಡೆಯುವಲ್ಲಿ ಒಂದು ಪೆಟ್ರೋಲ್ ಪಂಪು, ಅಲ್ಲೊಂದು ಫಾಸ್ಟ್ ಚಾರ್ಜರ್ ಇದೆಯೆಂದು ಭಾವ ಗುಟ್ಟಾಗಿ ಪತ್ತೆ ಮಾಡಿಕೊಂಡರು. ಹೋಗುವಾಗೊಮ್ಮೆ ಬರುವಾಗೊಮ್ಮೆ ಮುಕ್ಕಾಲು ಗಂಟೆ ಅಲ್ಲಿ ನಿಂತರಾಯಿತು, ಯಾರಿಗೂ ತಿಳಿಯುವುದಿಲ್ಲ. ಒಂದು ಸುಳ್ಳಿಗೆ ಒಂದು ಪ್ಲಗ್ಗು.

ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಡಬೇಕಿತ್ತು. ಏಳಕ್ಕೆ ನಾನು ಹೋಗಿ ನೋಡಿದರೆ, ಭಾವ ಅಂಗಳದಲ್ಲಿ ಸರ್ಕಾರಿ ತಕ್ಕಡಿ ಇಟ್ಟುಕೊಂಡು ಸಾಮಾನು ತೂಗುತ್ತಿದ್ದಾರೆ. ಭಾರ ಹೆಚ್ಚಾದರೆ ಓಟ ಕಡಿಮೆ. ಸ್ಟೆಪ್ನಿ ಟೈರು ಹೊರಗೆ. ಕಾಲೊರಸಿನ ಚಾಪೆಗಳು ಹೊರಗೆ. ಅಕ್ಕನ ದೊಡ್ಡ ಬ್ಯಾಗು ನಾಲ್ಕು ಕೆಜಿ ಆರುನೂರು ಗ್ರಾಮ್, ಹೊರಗೆ.

"ರೀ, ಅದ್ರಲ್ಲಿ ನನ್ನ ಬಟ್ಟೆ ಇದೆ!"

"ಒಂದು ದಿನಕ್ಕೆ ಬಟ್ಟೆ ಯಾಕೆ? ಮೈಮೇಲಿದೆಯಲ್ಲ."

"ಮತ್ತೆ ಈ ಡಬ್ಬ ಯಾಕೆ ಒಳಗಿದೆ?" ಎಂದು ಅಕ್ಕ ಡಿಕ್ಕಿ ತೋರಿಸಿದಳು. ಅಲ್ಲಿ ಮಿರಮಿರ ಮಿಂಚುತ್ತಾ, ಉದ್ದ ಕುತ್ತಿಗೆಯ ಐದು ಲೀಟರಿನ ಅಳತೆ ಪಾತ್ರೆ ಕೂತಿತ್ತು. ಪೆಟ್ರೋಲ್ ಪಂಪುಗಳನ್ನು ಪರೀಕ್ಷಿಸುವುದು ಅದರಲ್ಲೇ.

"ಅದು ಸರ್ಕಾರದ್ದು. ಅದನ್ನ ಬಿಟ್ಟು ನಾನು ಎಲ್ಲೂ ಹೋಗಲ್ಲ."

"ನನ್ನ ಬಟ್ಟೆ ಬಿಟ್ಟು ಹೋಗ್ತೀರ!"

ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಎಪ್ಪತ್ತೆಂಟು ಕೆಜಿಯ ವಿಷಾದವಿತ್ತು. "ನೀನು ಬರಲೇಬೇಕಾ?" ಎಂದು ಮೆಲ್ಲಗೆ ಕೇಳಿದರು.

"ಅಮ್ಮನ್ನ ಹಿಡಿದು ಇಳಿಸೋಕೆ ಯಾರಾದ್ರೂ ಬೇಕಲ್ಲ ಭಾವ."

"ಹಾಗಾದ್ರೆ ಬೂಟು ಬಿಚ್ಚು."

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದು, ಕಾರಿನ ಬಾನೆಟ್ಟು ತಟ್ಟಿ, "ಮುನ್ನೂರು ಓಡಿಸಿ ಬನ್ನಿ ಸಾಹೇಬ್ರೇ! ಸಂಜೆ ಬೀದಿಯೆಲ್ಲ ಕಾಯ್ತಿರುತ್ತೆ!" ಎಂದು ಭಾಷಣ ಮಾಡಿ, ಹೊರಟಾಗ ಒಂಬತ್ತು.

ಗಂಟೆಗೆ ನಲವತ್ತರ ವೇಗ. ಎ.ಸಿ. ಹಾಕುವಂತಿಲ್ಲ, ಬ್ಯಾಟರಿ ತಿನ್ನುತ್ತದೆ. ಕಿಟಕಿ ಇಳಿಸುವಂತಿಲ್ಲ, ಗಾಳಿ ತಡೆಯುತ್ತದೆ. ನಾಲ್ಕೂ ಜನ ಇಡ್ಲಿ ಪಾತ್ರೆಯಲ್ಲಿಟ್ಟ ಹಾಗೆ ಬೇಯುತ್ತಿದ್ದೆವು. ಲಾರಿಗಳು ಹಿಂದೆ ಹಾಕಿದವು. ಟ್ರ್ಯಾಕ್ಟರುಗಳು ಹಿಂದೆ ಹಾಕಿದವು. ಕೊನೆಗೆ ಕನ್ನಡಕ ಹಾಕಿದ ಒಬ್ಬ ಮುದುಕರು ಸೈಕಲ್ಲಿನಲ್ಲಿ ನಮ್ಮ ಪಕ್ಕಕ್ಕೆ ಬಂದು, ಒಳಗೆ ಬಗ್ಗಿ ನೋಡಿ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಶವಯಾತ್ರೆ ಎಂದುಕೊಂಡಿರಬೇಕು.

"ರೀ, ಸ್ವಲ್ಪ ಜೋರಾಗಿ ಹೋಗಬಾರ್ದಾ?" ಅಕ್ಕ ಕೇಳಿದಳು.

"ಅತ್ತೆಗೆ ಮಂಡಿನೋವು. ಕುಲುಕಾಡಬಾರದು."

"ಎಷ್ಟು ಮುತುವರ್ಜಿ ನೋಡೇ ನಮ್ಮ ಅಳಿಯಂದ್ರಿಗೆ" ಎಂದಳು ಅಮ್ಮ, ಬೆವರು ಒರೆಸಿಕೊಳ್ಳುತ್ತಾ. ಕನ್ನಡಿಯಲ್ಲಿ ಭಾವನ ಕಣ್ಣು ನೋಡಿದೆ. ಕಳ್ಳತೂಕದ ಅಂಗಡಿಯವನ ಕಣ್ಣು ಹೇಗಿರುತ್ತದೆಂದು ಅವರೇ ನನಗೊಮ್ಮೆ ವಿವರಿಸಿದ್ದರು. ಹಾಗೇ ಇತ್ತು.

ಹನ್ನೆರಡು ಗಂಟೆಗೆ ಪಂಪು ತಲುಪಿದೆವು. "ಕಾಲು ಚಾಚೋಣ" ಎಂದು ಭಾವ ಎಲ್ಲರನ್ನೂ ಇಳಿಸಿ, ಚಾರ್ಜರಿನ ಹತ್ತಿರ ಹೋಗಿ ನಿಂತರು. ಅದರ ಪರದೆಯ ಮೇಲೆ 'ದಯವಿಟ್ಟು ನಿರೀಕ್ಷಿಸಿ' ಎಂದಿತ್ತು. ನಿರೀಕ್ಷಿಸಿದರು. ಐದು ನಿಮಿಷ. ಹತ್ತು ನಿಮಿಷ.

"ಒಂದು ತಿಂಗಳಿಂದ ಹಾಗೇ ಅಂತಿದೆ ಸಾರ್ ಅದು" ಎಂದು ಹಿಂದಿನಿಂದ ಧ್ವನಿ ಬಂತು. ಪಂಪಿನ ಮಾಲೀಕ. ಹೊಟ್ಟೆ ದಪ್ಪ, ನಗು ಅದಕ್ಕಿಂತ ದಪ್ಪ. ಭಾವ ತಿರುಗಿದರು. ನಗು ಅಲ್ಲೇ ನಿಂತಿತು.

ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದ್ದರು. ಎರಡು ವರ್ಷದ ಹಿಂದೆ ಐದು ಲೀಟರಿಗೆ ಐವತ್ತು ಮಿಲಿ ಕಡಿಮೆ ಹರಿಯುತ್ತಿದೆ ಎಂದು ಇದೇ ಪಂಪಿಗೆ ಸೀಸದ ಮುದ್ರೆ ಒತ್ತಿ, ಮೂರು ದಿನ ಮುಚ್ಚಿಸಿದ್ದು ನಮ್ಮ ಭಾವ.

"ಓಹೋಹೋ! ಸಾಹೇಬ್ರು!" ಮಾಲೀಕ ಕೈ ಮುಗಿದ. "ಬನ್ನಿ ಬನ್ನಿ. ಏನು, ಚಾರ್ಜು ಬೇಕಿತ್ತಾ? ಟೈರಿಗೆ ಗಾಳಿ ತುಂಬೋ ಕೋಣೇಲಿ ಒಂದು ಮಾಮೂಲಿ ಪ್ಲಗ್ಗಿದೆ. ಗಂಟೆಗೆ ಹನ್ನೊಂದು ಕಿಲೋಮೀಟರ್ ತುಂಬುತ್ತೆ. ಅಂದ್ಹಾಗೆ, ಎಲ್ಲಿಂದ ಬರ್ತಿದ್ದೀರಿ?"

"ಊರಿಂದ" ಎಂದರು ಭಾವ, ನೆಲ ನೋಡುತ್ತಾ.

"ನೂರೈದು ಕಿಲೋಮೀಟರ್ ಅಷ್ಟೇ ಅಲ್ವಾ? ನಮ್ಮ ಭಾಮೈದ ನಿಮ್ಮ ಬೀದಿ ಡಾಕ್ಟ್ರ ಹತ್ರಾನೇ ಹಲ್ಲು ಕಟ್ಟಿಸ್ಕೊಂಡಿದ್ದು. ಸಾಹೇಬ್ರ ಕಾರು ಮುನ್ನೂರು ಓಡುತ್ತೆ ಅಂತ ಅಲ್ಲಿ ಡಂಗುರಾನೇ ಆಗಿದೆಯಂತೆ?"

ಅಕ್ಕ, ಅಮ್ಮ, ನಾನು, ಪೆಟ್ರೋಲ್ ಹಾಕುವ ಇಬ್ಬರು, ಎಲ್ಲರೂ ಭಾವನನ್ನೇ ನೋಡುತ್ತಿದ್ದೆವು. ಬಾಯಲ್ಲಿ ಈಗ ಹತ್ತಿಯಿರಲಿಲ್ಲ.

ಭಾವ ಜೇಬಿನಿಂದ ನೋಟ್‌ಬುಕ್ಕು ತೆಗೆದರು. ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ನೆಟ್ಟಗೆ ನಿಂತು ಓದಿದರು: "ಹದಿನಾಲ್ಕು ಸಲ ಪರೀಕ್ಷೆ ಮಾಡಿದೀನಿ. ಅತಿ ಹೆಚ್ಚು ನೂರ ಇಪ್ಪತ್ತೊಂದು. ಅತಿ ಕಡಿಮೆ ನೂರ ಹದಿನಾಲ್ಕು. ಸರಾಸರಿ ನೂರ ಹದಿನೆಂಟು."

ಮಾಲೀಕ ಬೆರಳು ಮಡಿಚಿ ಲೆಕ್ಕ ಹಾಕಿದ. "ಐದು ಲೀಟರಿಗೆ ಐವತ್ತು ಮಿಲಿ ಕಡಿಮೆ ಅಂದ್ರೆ ಮೂರು ದಿನ ಬೀಗ. ಮುನ್ನೂರಕ್ಕೆ ನೂರ ಎಂಬತ್ತೆರಡು ಕಡಿಮೆ ಅಂದ್ರೆ... ಸಾರ್, ಎಷ್ಟು ದಿನ ಆಗುತ್ತೆ?"

ಭಾವ ಮನಸ್ಸಿನಲ್ಲಿ ನಿಜಕ್ಕೂ ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಗೊತ್ತಾಯಿತು.

"ರೀ" ಎಂದಳು ಅಕ್ಕ. ಅಷ್ಟೇ ಅಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ಸಾಕು.

"ಮುಕ್ಕಾಲು ಗಂಟೇಲಿ ತುಂಬಿಸ್ಕೊಂಡು ಹೋಗ್ಬಿಡೋಣ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ" ಎಂದರು ಭಾವ. "ಅತ್ತೆ, ತಪ್ಪಾಯ್ತು. ಇನ್ನೂ ನಲವತ್ತೈದು ಕಿಲೋಮೀಟರ್ ಇದೆ. ಮೂರು ಗಂಟೆ ಚಾರ್ಜ್ ಆದ್ರೆ ಮೂರೂವರೆಗೆ ಹೊರಟು ನಾಲ್ಕೂಕಾಲಿಗೆ ಮುಟ್ಟಬಹುದು. ಕಾಲು ಗಂಟೆ ಸಿಗುತ್ತೆ."

ಒಂದು ದಿನ ಸಿಗಬೇಕಿದ್ದದ್ದು ಕಾಲು ಗಂಟೆಗೆ ಇಳಿದಿತ್ತು. ಅಮ್ಮ ಸಿಟ್ಟಾಗಲಿಲ್ಲ. ಗಾಳಿ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂತು, "ಪ್ಲಗ್ ಹಾಕಿ ಅಳಿಯಂದ್ರೇ" ಎಂದಳು. "ನಂಗೆ ಗೊತ್ತಿತ್ತು."

"ಗೊತ್ತಿತ್ತಾ?"

"ಇಪ್ಪತ್ನಾಲ್ಕು ವರ್ಷ ಬರೀ ಧ್ವನಿ ಕೇಳಿದೋಳು ನಾನು. ಮುನ್ನೂರು ಅಂದಾಗೆಲ್ಲ ನಿಮ್ಮ ಲೈನಲ್ಲಿ ಗರಗರ ಶಬ್ದ."

"ಗೊತ್ತಿದ್ದೂ ಯಾಕೆ ಬಂದ್ರಿ ಅತ್ತೆ?"

"ಕರ್ಕೊಂಡು ಹೋಗ್ತೀನಿ ಅಂದ್ರಲ್ಲ, ಅದರಲ್ಲಿ ಗರಗರ ಇರಲಿಲ್ಲ."

ಭಾವ ಭಾವುಕರಾದರು. ಪ್ಲಗ್ಗು ಹಾಕುವ ನೆಪದಲ್ಲಿ ಗಾಳಿ ಕೋಣೆಯೊಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಸರಿ, ಒಂದೂವರೆಯ ತನಕ ಹನ್ನೊಂದು ಕಿಲೋಮೀಟರ್ ತುಂಬಿತು. ಒಂದೂವರೆಗೆ ಕರೆಂಟು ಹೋಯಿತು.

"ಬರುತ್ತೆ ಬರುತ್ತೆ" ಎಂದ ಮಾಲೀಕ. ಎರಡಾಯಿತು. ಎರಡೂವರೆಯಾಯಿತು. ಇಷ್ಟು ಹೊತ್ತು ಮೋಜು ನೋಡುತ್ತಿದ್ದವನ ಮುಖವೂ ಬಾಡಿತು, ಯಾಕೆಂದರೆ ಅಷ್ಟರಲ್ಲಿ ಅಮ್ಮ ಅವನಿಗೆ ಆಕಡೆಯ ಕಥೆಯನ್ನೆಲ್ಲ ಹೇಳಿದ್ದಳು. ಅವನೇ ಬಾಡಿಗೆ ಕಾರಿಗೆ ಫೋನು ಮಾಡಿದ. ಆ ಸುತ್ತಿಗೆಲ್ಲ ಇರುವುದು ಒಂದೇ, ಅದು ಯಾರದೋ ಮದುಮಗನನ್ನು ಹೊತ್ತುಕೊಂಡು ಹೋಗಿತ್ತು. ತನ್ನ ಬೈಕು ತಂದು ನಿಲ್ಲಿಸಿದ. ಅಮ್ಮ ಅದನ್ನೂ ತನ್ನ ಮಂಡಿಯನ್ನೂ ಒಂದೊಂದು ಸಲ ನೋಡಿ ತಲೆಯಾಡಿಸಿದಳು. ಕಾರಿನಲ್ಲಿದ್ದ ಹದಿಮೂರು, ತುಂಬಿದ ಹನ್ನೊಂದು, ಒಟ್ಟು ಇಪ್ಪತ್ನಾಲ್ಕು. ಬೇಕಾದದ್ದು ನಲವತ್ತೈದು.

"ಇಪ್ಪತ್ತೊಂದು ಕಡಿಮೆ" ಎಂದರು ಭಾವ. ಜೀವಮಾನದಲ್ಲಿ ಎಷ್ಟೋ ಸಾವಿರ ಸಲ ಆಡಿದ ಮಾತು. ಇಷ್ಟು ಮೆತ್ತಗೆ ಆಡಿದ್ದು ಇದೇ ಮೊದಲು.

ಮೂರೂವರೆಗೆ ಅಮ್ಮ ಫೋನು ತೆಗೆದಳು. "ಆಕಡೆ... ಲೈನ್ ಡೌನ್ ಆಗಿದೆ ಕಣೇ. ಇಲ್ಲೇ, ರಸ್ತೆ ಕವಲೊಡೆಯುತ್ತಲ್ಲ, ಅಲ್ಲಿ ಪೆಟ್ರೋಲ್ ಪಂಪಲ್ಲಿ ಕೂತಿದೀನಿ. ಬರೋಕಾಗಲ್ಲ. ನೀನು ಜೋಪಾನವಾಗಿ ಜಂಕ್ಷನ್ ಬಸ್ಸು ಹತ್ತು..." ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದಳು.

ಮಾಲೀಕ ಕುರ್ಚಿಯಿಂದ ಎದ್ದ. "ಅಮ್ಮಾ, ಯಾವ ಬಸ್ಸು ಅಂದ್ರಿ?"

"ಜಂಕ್ಷನ್ ಬಸ್ಸಪ್ಪ. ನಾಲ್ಕೂವರೆದು."

"ಅಯ್ಯೋ! ಮೊದ್ಲೇ ಯಾಕೆ ಹೇಳಲಿಲ್ಲ? ಊರು ಬಿಡ್ತಾರೆ ಅಂದ್ರಿ, ಬಸ್ಸು ಅಂದ್ರಿ, ಜಂಕ್ಷನ್ ಅನ್ನಲೇ ಇಲ್ವಲ್ಲ! ಆ ಬಸ್ಸು ದಿನಾ ಐದೂ ಇಪ್ಪತ್ತಕ್ಕೆ ನನ್ನ ಪಂಪಲ್ಲೇ ಡೀಸೆಲ್ ಹಾಕಿಸ್ಕೊಂಡು ಆ ಕವಲಿಗೆ ತಿರುಗೋದು! ಎಂಟು ನಿಮಿಷ ನಿಲ್ಲುತ್ತೆ." ಆಮೇಲೆ ಭಾವನ ಕಡೆ ತಿರುಗಿ, ಸ್ವಲ್ಪ ನಾಚಿಕೊಂಡು ಹೇಳಿದ: "ಮೊದಲು ಮುಂದಿನ ಪಂಪಿಗೆ ಹೋಗ್ತಿತ್ತು ಸಾರ್. ನೀವು ಮುದ್ರೆ ಹಾಕಿದ್ಮೇಲೆ ನಾನು ಎಲ್ಲಾ ಸರಿ ಮಾಡಿಸ್ದೆ. ಈ ದಾರೀಲಿ ಅಳತೆ ಸರಿಯಾಗಿರೋದು ಇದೊಂದೇ ಪಂಪು ಅಂತ ಡ್ರೈವರುಗಳೆಲ್ಲ ಇಲ್ಲೇ ಬರ್ತಾರೆ."

ಎಂಟು ನಿಮಿಷ! ಅಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ಅಕ್ಕ ಅವಳ ತಲೆ ಬಾಚಿದಳು. ನಾಲ್ಕೂವರೆಗೆ ಕರೆಂಟು ಬಂತು. ತಿಂಗಳಿಂದ ನಿರೀಕ್ಷಿಸಿ ಎನ್ನುತ್ತಿದ್ದ ಫಾಸ್ಟ್ ಚಾರ್ಜರು ಒಮ್ಮೆ ಕೆಮ್ಮಿ 'ಸಿದ್ಧ' ಎಂದಿತು. ಅದನ್ನು ಒಂದು ಸಲ ಪೂರ್ತಿ ಆರಿಸಿ ಹಾಕಬೇಕಿತ್ತಷ್ಟೆ, ಯಾರಿಗೂ ಹೊಳೆದಿರಲಿಲ್ಲ. ಈಗ ಅದರ ಉಪಯೋಗ ಮನೆಗೆ ವಾಪಸಾಗುವುದಕ್ಕಷ್ಟೆ.

ಭಾವ ಮಾತ್ರ ಸುಮ್ಮನೆ ಓಡಾಡುತ್ತಿದ್ದರು. "ಎಂಟು ನಿಮಿಷ ಸಾಲಲ್ಲ" ಎಂದರು.

"ಟ್ಯಾಂಕು ತುಂಬೋಕೆ ಅಷ್ಟೇ ಸಾರ್" ಎಂದ ಮಾಲೀಕ. "ನೀವೇನಾದ್ರೂ ಪಂಪು ಚೆಕ್ ಮಾಡೋಕೆ ನಿಂತ್ರೆ ಅರ್ಧ ಗಂಟೆ ಎಳೀಬಹುದು, ಆವತ್ತಿನ ಹಾಗೆ."

"ದೂರಿಲ್ಲದೆ ನಾನು ರಜಾ ದಿನ ಪಂಪು ಮುಟ್ಟೋ ಹಾಗಿಲ್ಲ."

"ದೂರು ನಾನೇ ಕೊಡ್ತೀನಿ. ಕಾಗದ ತಗೊಳ್ಳಿ. ಬರೀರಿ: ನನ್ನ ಪಂಪಿನ ಮೇಲೆ ನನಗೇ ಅನುಮಾನ."

ಭಾವ ಅದನ್ನು ಹಾಗೇ ಬರೆದುಕೊಂಡು ಅವನ ಸಹಿ ಹಾಕಿಸಿದರು. ಡಿಕ್ಕಿ ತೆರೆದು, ಮಿಂಚುವ ಪಾತ್ರೆಯನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡರು. ಅಕ್ಕ ಆ ಡಬ್ಬದ ಬಗ್ಗೆ ಮತ್ತೆ ಮಾತಾಡಲಿಲ್ಲ.

ಐದೂ ಇಪ್ಪತ್ತಕ್ಕೆ ಬಸ್ಸು ಬಂದು ನಿಂತಿತು. ಹೆಂಗಸರು ಐದಾರು ಜನ ಇಳಿದರು. ಒಬ್ಬರು ಎತ್ತರ, ಒಬ್ಬರ ಕೈಯಲ್ಲಿ ಹಸಿರು ಛತ್ರಿ, ಇಬ್ಬರು ಕನ್ನಡಕದವರು. ನಾನು ಛತ್ರಿಯವರೇ ಇರಬೇಕೆಂದೆ, ಅಕ್ಕ ಎತ್ತರದವರೇ ಎಂದಳು. ಅಮ್ಮ ಯಾರನ್ನೂ ನೋಡಲಿಲ್ಲ. ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ಕೆಲಸದ ದಿನಗಳ ಆ ನೇರ, ನಯವಾದ ಧ್ವನಿ ತೆಗೆದಳು:

"ಹಲೋ, ಆ ಕಡೆ! ನಂಬರ್ ಹೇಳಿ!"

ಪೆಟ್ರೋಲ್ ಹಾಕುತ್ತಿದ್ದವನೊಬ್ಬ ಬೆಚ್ಚಿ ತನ್ನ ಫೋನ್ ನಂಬರನ್ನೇ ಹೇಳತೊಡಗಿದ. ಆಗ ಬಸ್ಸಿನೊಳಗಿಂದ, ಹಿಂದಿನ ಸೀಟಿನಿಂದ, ಘಂಟೆಯ ಹಾಗೆ ಉತ್ತರ ಬಂತು:

"ಲೈನ್ ಬಿಜಿ ಇದೆ! ಕಾಯ್ತೀರಾ?"

ಇಳಿದು ಬಂದವಳು ಅಮ್ಮನ ಭುಜದವರೆಗೂ ಬರದ ಪುಟ್ಟ ಹೆಂಗಸು. ಇಬ್ಬರೂ ಎರಡು ಹೆಜ್ಜೆ ದೂರದಲ್ಲಿ ನಿಂತರು.

"ಇಷ್ಟೇ ಇದ್ದೀಯಾ?" ಎಂದಳು ಅಮ್ಮ.

"ನೀನು ಇಷ್ಟೊಂದು ಇದ್ದೀಯಾ!" ಎಂದಳು ಆಕಡೆ.

ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. ಕೂತು... ಸುಮ್ಮನಾದರು! ದಿನಾ ಗಂಟೆಗಟ್ಟಲೆ ಮಾತಾಡುವ ಇಬ್ಬರು, ಹೊಸ ಸೊಸೆಯರ ಹಾಗೆ ನಾಚಿಕೊಂಡು ನೆಲ ನೋಡುತ್ತಿದ್ದಾರೆ. ಅಪರಿಚಿತ ಮುಖ ಎದುರಿಗಿದ್ದರೆ ಪರಿಚಿತ ಧ್ವನಿ ಹೊರಗೆ ಬರಲೊಲ್ಲದು. ಒಂದು ನಿಮಿಷ ಹೋಯಿತು. ಎರಡು ಹೋಯಿತು. ಭಾವ ಪಾತ್ರೆ ಹಿಡಿದುಕೊಂಡು ಚಡಪಡಿಸಿದರು.

"ಮುಖ ನೋಡಿದ್ರೆ ಮಾತೇ ಬರ್ತಿಲ್ಲ ಕಣೇ" ಎಂದಳು ಆಕಡೆಯಮ್ಮ. "ತಿರುಗಿ ಕೂತ್ಕೋ."

ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಆನಿಸಿ, ಒಬ್ಬಳು ರಸ್ತೆಯ ಕಡೆ, ಒಬ್ಬಳು ಗಾಳಿ ಕೋಣೆಯ ಕಡೆ ಮುಖ ಮಾಡಿ ಕೂತರು. ಅಷ್ಟೇ! ಕಟ್ಟೆ ಒಡೆದ ಹಾಗೆ ಮಾತು ಹರಿಯತೊಡಗಿತು.

ಇತ್ತ ಡ್ರೈವರು ಹಾರನ್ ಹೊಡೆದ. "ಡೀಸೆಲ್ ಹಾಕ್ರಪ್ಪಾ!"

"ಪಂಪು ಪರೀಕ್ಷೇಲಿದೆ" ಎಂದರು ಭಾವ, ಸರ್ಕಾರವೇ ಮಾತಾಡಿದ ಹಾಗೆ. ಪಾತ್ರೆಗೆ ಡೀಸೆಲ್ ಬಿಡಿಸಿದರು. "ಮೊದಲನೇದು ಪಾತ್ರೆ ಒದ್ದೆ ಮಾಡೋಕೆ. ಇದು ಲೆಕ್ಕಕ್ಕಿಲ್ಲ." ಸುರಿದು, ಕೊನೆಯ ಹನಿ ಇಳಿಯುವ ತನಕ ಮೂವತ್ತು ಸೆಕೆಂಡು ಬಗ್ಗಿಸಿ ಹಿಡಿದರು. ಮತ್ತೆ ತುಂಬಿಸಿದರು. "ನೊರೆ ಇಳೀಲಿ." ನೊರೆ ಇಳಿಯಿತು. ಬಗ್ಗಿ, ಕನ್ನಡಕ ಒರೆಸಿ, ಓದಿ, ಬರೆದರು. "ಸರಿ ಇದೆ. ಎರಡನೇ ಸಲ."

"ಸ್ವಾಮೀ, ರೈಲು ಹಿಡಿಸಬೇಕು!" ಡ್ರೈವರು ಕೂಗಿದ.

"ಎಂಟರ ರೈಲಿಗೆ ನೀನು ದಿನಾ ಆರೂವರೆಗೇ ಹೋಗಿ ಅಲ್ಲಿ ಗೊರಕೆ ಹೊಡೀತೀಯ, ನಂಗೊತ್ತಿಲ್ವಾ? ಅಳತೆ ಸರಿ ಬೇಕೋ ಬೇಡ್ವೋ?" ಎಂದ ಮಾಲೀಕ.

ಬೆಂಚಿನ ಮೇಲಿಂದ ಆಕಡೆಯಮ್ಮನ ಧ್ವನಿ ತೇಲಿ ಬಂತು: "ಮೂರು ನಿಮಿಷ ಆಯ್ತು! ಮುಂದುವರಿಸಲಾ?"

"ಮುಂದುವರಿಸಿ!" ಎಂದಳು ಅಮ್ಮ, ನಗುತ್ತಾ.

ಭಾವ ಪಾತ್ರೆ ಖಾಲಿ ಮಾಡಿ ಮತ್ತೆ ತುಂಬಿಸಿದರು. ಪ್ರತಿ ಸಲ ಬೆಂಚಿನಿಂದ "ಮೂರು ನಿಮಿಷ ಆಯ್ತು" ಎಂದು ಕೇಳಿದಾಗಲೂ, ಪಂಪಿನ ಕಡೆಯಿಂದ "ನೊರೆ ಇಳೀಲಿ" ಎಂಬ ಉತ್ತರ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬಸ್ಸಿನ ಜನಕ್ಕೂ ವಿಷಯ ಹರಡಿತು. ಯಾರೋ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು. ನಾಲ್ಕನೆಯ ಸಲ ಭಾವ ಪಾತ್ರೆ ಕೆಳಗಿಡಲು ಹೋದಾಗ ಹಸಿರು ಛತ್ರಿಯವರೇ, "ನಂಗ್ಯಾಕೋ ಇನ್ನೂ ನೊರೆ ಕಾಣ್ತಿದೆ" ಎಂದರು. ಐದನೆಯದಕ್ಕೆ ಡ್ರೈವರು ಎಂಜಿನ್ ಆರಿಸಿ, ಸ್ಟೀರಿಂಗಿಗೆ ತಲೆಯಾನಿಸಿ, ಜಂಕ್ಷನ್ನಿನ ನಿದ್ದೆಯನ್ನು ಇಲ್ಲೇ ಶುರುಮಾಡಿದ.

ಎಂಟು ನಿಮಿಷದ ಬಸ್ಸು ಮೂವತ್ತೊಂದು ನಿಮಿಷ ನಿಂತಿತು. ಹೊರಡುವಾಗ ಆಕಡೆಯಮ್ಮ ಕಿಟಕಿಯಿಂದ ಕೈ ಚಾಚಿ ಅಮ್ಮನ ಕೆನ್ನೆ ಮುಟ್ಟಿದಳು. ಈಗ ಮುಖ ನೋಡಿದರೂ ಮಾತು ಬಂತು. "ಇಡ್ತೀನಿ ಕಣೇ" ಎಂದಳು. ಫೋನು ಇಡುವಾಗ ಹೇಳುವ ಮಾತು.

ಬಸ್ಸು ಕವಲಿಗೆ ತಿರುಗಿ ಮರೆಯಾಗುವ ತನಕ ಅಮ್ಮ ನಿಂತಿದ್ದಳು. ಆಮೇಲೆ ಕೇಳಿದಳು:

"ಅಳಿಯಂದ್ರೇ, ನಿಯಮದ ಪ್ರಕಾರ ಎಷ್ಟು ಸಲ ಅಳೀಬೇಕು?"

"ಮೂರು ಸಲ, ಅತ್ತೆ."

"ನೀವು ಎಷ್ಟು ಅಳೆದ್ರಿ?"

ಭಾವ ನೋಟ್‌ಬುಕ್ಕು ನೋಡಿದರು. ಕಿವಿ ಕೆಂಪಾಯಿತು. "ಏಳು."

"ನಾಲ್ಕು ಹೆಚ್ಚು" ಎಂದಳು ಅಮ್ಮ.

ಅಕ್ಕ ಪಾತ್ರೆಯನ್ನು ಅವರ ಕೈಯಿಂದ ತೆಗೆದುಕೊಂಡು, ತನ್ನ ಸೆರಗಿನಿಂದಲೇ ಒರೆಸಿ, ಡಿಕ್ಕಿಯಲ್ಲಿಟ್ಟಳು. "ರೀ" ಎಂದಳು. ಮಧ್ಯಾಹ್ನದ "ರೀ" ಅಲ್ಲ, ಬೇರೆಯದು. "ನಂಗೂ ನೀವು ಇಷ್ಟು ದಿನ ತೊಂಬತ್ತೇ ಇದ್ರಿ. ಹೇಳಿರಲಿಲ್ಲ ಅಷ್ಟೆ."

ಭಾವನಿಗೆ ಕೇಳಬೇಕೆನಿಸಿತು, ಈಗ ಎಷ್ಟು ಎಂದು. ಕೇಳಲಿಲ್ಲ. ಆ ಮನುಷ್ಯ ಅಳೆಯದೆ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಭಾವ ಅಂಗಳದಲ್ಲಿ ಕಾರು ತೊಳೆಯುತ್ತಿದ್ದರು. ಬೇಲಿಯಾಚೆ ಹಲ್ಲಿನ ಡಾಕ್ಟರು ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದರು. ಹಿಂದೆ ಮುಂದೆ ಬೀದಿಯ ನಾಲ್ಕೈದು ಜನ. "ಏನ್ ಸಾಹೇಬ್ರೇ! ಓಡ್ತಾ ಮುನ್ನೂರು?"

ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದ ಅಮ್ಮ ತಲೆ ಸ್ವಲ್ಪ ಓರೆ ಮಾಡಿದಳು.

ಭಾವ ಬಕೆಟ್ಟು ಕೆಳಗಿಟ್ಟು, ನೆಟ್ಟಗೆ ನಿಂತು, ಬೀದಿಯ ಕೊನೆಯ ಮನೆಗೂ ಕೇಳುವ ಹಾಗೆ ಹೇಳಿದರು: "ಇಲ್ಲ ಡಾಕ್ಟ್ರೇ. ನೂರ ಹದಿನೆಂಟು!"

ಡಾಕ್ಟರ ಬಾಯಿಂದ ಬ್ರಷ್ ಬಿತ್ತು. ಅಮ್ಮ ಫೋನಿನೊಳಗೆ, ರೈಲಿನಲ್ಲಿ ಹೋಗುತ್ತಿದ್ದವಳಿಗೆ, ತೃಪ್ತಿಯಿಂದ ಹೇಳಿದಳು:

"ಕೇಳಿಸ್ತೇನೇ ಆಕಡೆ? ಈಗ ಲೈನ್ ಕ್ಲಿಯರ್ ಇದೆ."